ಚಳಿಗಾಲದಲ್ಲಿ ಬಿದ್ದ ಅವರೆ ಚಪ್ಪರ

ಮದುವೆಯಾದ ಮರುವರ್ಷವೇ ನನ್ನ ಗಂಡನ ಬಲಗೈ ಪ್ರೆಸ್ ಮೆಷಿನ್ನಿಗೆ ಸಿಕ್ಕಿತು. ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ತಗಡು ಒತ್ತುವ ಕೆಲಸ ಅವರದು. ಹೆಬ್ಬೆರಳೊಂದು ಉಳಿಯಿತು, ಬಾಕಿ ಬೆರಳುಗಳು ಹೋದವು. ತೊಂಬತ್ತರ ದಶಕದ ಶುರುವಿನ ಮಾತು. ಆಗ ನಾವು ದಾಸರಹಳ್ಳಿಯ ಒಂದು ವಠಾರದ ಕೊನೆಯ ಮನೆಯಲ್ಲಿದ್ದೆವು. ಆಸ್ಪತ್ರೆಯಿಂದ ಬಂದವರು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಯಾರಾದರೂ ನೋಡಲು ಬಂದರೆ ಕೈಯನ್ನು ಟವೆಲ್ಲಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದರು. ನಾನು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದೆ.

ವಠಾರದ ಹಿಂದೆ ಓನರಮ್ಮನದೇ ಒಂದು ಖಾಲಿ ಸೈಟಿತ್ತು. ಪಾರ್ಥೇನಿಯಂ ಗಿಡ ಸೊಂಟದೆತ್ತರ ಬೆಳೆದಿತ್ತು. ಒಂದು ಬೆಳಿಗ್ಗೆ ಆಕೆ ಬಾಗಿಲಲ್ಲಿ ನಿಂತು, "ಏನಪ್ಪಾ, ಮಲ್ಗಿ ಮಲ್ಗಿ ಬೆನ್ನು ನೋಯಲ್ವಾ? ಹಿಂದೆ ಜಾಗ ಸುಮ್ನೆ ಬಿದ್ದದೆ, ಏನಾದ್ರೂ ಹಾಕ್ಕೋ" ಅಂದರು. ಇವರು ಗೋಡೆ ಕಡೆಯಿಂದ ಮುಖ ತಿರುಗಿಸಲಿಲ್ಲ. ಆದರೆ ಆ ಸಂಜೆ ನಾನು ಬರುವ ಹೊತ್ತಿಗೆ ಒಂದು ಮೂಲೆಯ ಕಳೆ ಕಿತ್ತಾಗಿತ್ತು.

ಆಮೇಲೆ ದಿನಾ ಅದೇ ಕೆಲಸ. ಎಡಗೈಯಲ್ಲಿ ಗುದ್ದಲಿ, ಬಲಗೈಯ ಮೊಂಡು ಬುಡದಲ್ಲಿ ಮಣ್ಣು ಒತ್ತುವುದು. ಟೊಮೆಟೊ, ಮೆಣಸಿನಕಾಯಿ, ಒಂದು ಸಾಲು ಸೇವಂತಿಗೆ. ಬೊಂಬು ನೆಟ್ಟು ಅವರೆ ಬಳ್ಳಿಗೆ ಚಪ್ಪರ ಹಾಕಿದರು. ಹಗ್ಗದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಇನ್ನೊಂದನ್ನು ಎಡಗೈಯಿಂದ ಎಳೆದು ಗಂಟು ಹಾಕುವರು. ತುಟಿ ತರಚಿಹೋಗುತ್ತಿತ್ತು. ನಾನು ಹಿಡಿಯಲು ಹೋದರೆ, "ನೀ ಸುಮ್ನಿರು, ಆಗುತ್ತೆ" ಅನ್ನುವರು. ದೀಪಾವಳಿ ಹೊತ್ತಿಗೆ ಟವೆಲ್ ಮರೆತೇಹೋಗಿತ್ತು. ಪಕ್ಕದ ಮನೆಯವರ ಎದುರಿಗೇ ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡಿದರು. ಅವತ್ತು ನಾನು ಒಳಗೆ ಹೋಗಿ ಅತ್ತೆ, ಸಂತೋಷಕ್ಕೆ.

ಅವರೆ ಹೂ ಬಿಟ್ಟು, ಪುಟ್ಟ ಕಾಯಿ ಕಚ್ಚಿದ್ದಾಗ ಆ ಮಳೆ ಹಿಡಿದುಕೊಂಡಿತು. ಮದ್ರಾಸ್ ಕಡೆ ಸೈಕ್ಲೋನ್ ಎಂದು ರೇಡಿಯೋದಲ್ಲಿ ಹೇಳಿದರು. ಬಿಸಿಲೇ ಇಲ್ಲ, ಮೂಳೆಗೆ ತಾಕುವ ಚಳಿ, ಜಿಟಿಜಿಟಿ ಮಳೆ. ಅದರ ಮೇಲೆ ಒಂದು ಮಧ್ಯಾಹ್ನ ಗಾಳಿ ಎದ್ದಿತು. ನಮ್ಮ ಫ್ಯಾಕ್ಟರಿಯ ತಗಡಿನ ಮಾಡು ಬಡಬಡ ಹೊಡೆದುಕೊಳ್ಳುತ್ತಿತ್ತು. ಮೆಷಿನ್ ಮುಂದೆ ಕೂತಿದ್ದರೂ ನನ್ನ ಮನಸ್ಸೆಲ್ಲ ಚಪ್ಪರದ ಮೇಲೆ. ಅಷ್ಟು ಮಳೆಯಿದ್ದರೂ ಯಾರನ್ನೂ ಬೇಗ ಬಿಡಲಿಲ್ಲ.

ಬಸ್ಸಿಳಿದು ಓಡಿಬಂದೆ. ಅವರು ಸೈಟಿನಲ್ಲಿ ಚಪ್ಪರದ ಮೂಲೆಯ ಬೊಂಬನ್ನು ತಬ್ಬಿಕೊಂಡು ನಿಂತಿದ್ದರು. ರಸ್ತೆ ಮೋರಿಯ ಕಪ್ಪು ನೀರು ಮೊಣಕಾಲಿನವರೆಗೆ ನಿಂತಿತ್ತು. ಚಳಿಗೆ ಅವರ ಹಲ್ಲು ಕಟಕಟ ಅನ್ನುತ್ತಿತ್ತು.

"ಯಾವಾಗಿಂದ ಹಿಂಗೆ ನಿಂತಿದ್ದೀರ?"

"ಬಿಟ್ರೆ ಬೀಳುತ್ತೆ ಕಣೇ. ಹಗ್ಗ ಕಿತ್ಕೊಂಡೋಯ್ತು. ಒದ್ದೆ ಹಗ್ಗ, ಹಲ್ಲಲ್ಲಿ ನಿಲ್ತಾ ಇಲ್ಲ."

ನಾನು ಹಗ್ಗ ಹುಡುಕಿ ಬೊಂಬಿಗೆ ಬಿಗಿದೆ. ಈ ಸಲ ಬೇಡ ಅನ್ನಲಿಲ್ಲ. ನನ್ನ ಎರಡು ಕೈಗಳನ್ನೇ ನೋಡುತ್ತಾ ನಿಂತರು. ಆ ನೋಟ ನನಗೆ ಹಿಡಿಸಲಿಲ್ಲ.

ಬೆಳಗಾದಾಗ ಚಪ್ಪರ ಮಲಗಿತ್ತು. ನಾನು ಕಟ್ಟಿದ ಗಂಟು ಹಾಗೇ ಇತ್ತು, ಬೊಂಬೇ ಬುಡಸಮೇತ ಎದ್ದು ಬಂದಿತ್ತು. ಹೂವೆಲ್ಲ ಕೆಸರಿನಲ್ಲಿ.

"ಎರಡು ಕೈ ಇದ್ದಿದ್ರೆ ನಿಲ್ತಿತ್ತು" ಅಂದರು.

"ಓನರಮ್ಮನ ಮನೆ ಮೇಲಿನ ಶೀಟೇ ಹಾರೋಗಿದೆ ನೋಡ್ರೀ. ಅದನ್ನ ಹಾಕಿದೋರಿಗೆಲ್ಲ ಎರಡು ಕೈ ಇರ್ಲಿಲ್ವಾ?"

ಅವರು ಆ ಕಡೆ ತಿರುಗಿಯೂ ನೋಡಲಿಲ್ಲ.

ಆದರೂ ಕೆಲವು ದಿನ ಒದ್ದಾಡಿದರು. ಕಾಲುವೆ ತೋಡಿ ನಿಂತ ನೀರನ್ನು ಹೊರಗೆ ಬಿಟ್ಟರು. ಒಲೆಯ ಬೂದಿ ಎರಚಿದರು. ಮಳೆ ನಿಂತಮೇಲೆ ಮಂಜು ಸುರಿಯತೊಡಗಿತು. ಎದುರಿನ ಮನೆಯೂ ಕಾಣದಷ್ಟು ಮಂಜು. ಸೇವಂತಿಗೆಗೆ ಗೋಣಿಚೀಲ ಹೊದಿಸಿದರು. ಮೊಗ್ಗುಗಳು ಅರಳದೆ ಒಳಗೇ ಕೊಳೆತವು. ಟೊಮೆಟೊ ಎಲೆಯಲ್ಲಿ ಕಪ್ಪು ಚುಕ್ಕೆ ಎದ್ದು ಕಾಂಡಕ್ಕೆ ಇಳಿಯಿತು. ದಿನಾ ಬೆಳಿಗ್ಗೆ ಕೆಮ್ಮುತ್ತಾ ಕೂತು ಕಪ್ಪಾದ ಎಲೆಗಳನ್ನು ಒಂದೊಂದಾಗಿ ಕೀಳುವರು, ಮಾರನೆಯ ದಿನ ಅಷ್ಟೇ ಎಲೆ ಮತ್ತೆ ಕಪ್ಪಾಗಿರುತ್ತಿತ್ತು. ಕೊನೆಗೆ ಜ್ವರ ಬಂದು ಮಲಗಿದರು.

ಜ್ವರ ಬಿಟ್ಟಿತು. ಹಿಂದಿನ ಬಾಗಿಲನ್ನು ಮಾತ್ರ ಅವರು ಮತ್ತೆ ತೆರೆಯಲಿಲ್ಲ. ಬಿದ್ದ ಬಳ್ಳಿಯಲ್ಲಿ ಹುಡುಕಿ ನಾನು ಒಂದು ಬೊಗಸೆ ಕಾಯಿ ಬಿಡಿಸಿ ತಂದು ಸಾರು ಮಾಡಿದೆ. ಯಾವ ಕಾಯಿ ಎಂದು ಕೇಳದೆ ಉಂಡರು.

"ಬಿಸ್ಲು ಬರ್ಲಿ, ಮತ್ತೆ ಹಾಕೋಣ" ಅಂದೆ.

"ನನ್ನ ಕೈಲಿ ಆಗಲ್ಲ, ಬಿಡು."

ಶಿವರಾತ್ರಿ ಕಳೆದ ಮೇಲೆ ಒಂದು ಗೋಡೌನಿನಲ್ಲಿ ಗೇಟು ಕಾಯುವ ಕೆಲಸಕ್ಕೆ ಸೇರಿದರು. ಬೇಸಿಗೆಯಲ್ಲೂ ಸ್ವೆಟರ್ ತೊಟ್ಟು ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಇರುವರು. ರಜೆಯ ದಿನ ನಾನು ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದೆ. ಗೇಟಿನ ಪಕ್ಕ ಕಾಂಪೌಂಡಿನುದ್ದಕ್ಕೂ ಒಳ್ಳೆಯ ಕೆಂಪು ಮಣ್ಣಿನ ಪಟ್ಟಿ, ಹತ್ತಿರದಲ್ಲೇ ನೀರಿನ ನಲ್ಲಿ. ಅವರು ಅದರ ಕಡೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡಿರುತ್ತಿದ್ದರು. ನಾನು ಆ ಮಣ್ಣನ್ನೊಮ್ಮೆ ನೋಡಿ ಡಬ್ಬಿ ಬಿಚ್ಚಿ ಕೊಡುತ್ತಿದ್ದೆ.