ಅರ್ಧ ಮೆಟ್ಟಿಲು

ಆಳಂದದ ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಯಲ್ಲಿ ಕೂತು ನಾನು ಎರಡು ವರ್ಷ ಒಂದು ಮ್ಯಾಟ್ರಿಕ್ಸ್ ಲೈಬ್ರರಿ ಬರೆದೆ. ಸಾಲುಸಾಲಾಗಿ ಜೋಡಿಸಿದ ಸಂಖ್ಯೆಗಳ ಲೆಕ್ಕಕ್ಕೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡು ಅದು. ಜೆನೆರಿಕ್ ಆಗಿ ಕಟ್ಟಿದ್ದೆ: ಪೂರ್ಣಾಂಕ ಕೊಟ್ಟರೆ ಪೂರ್ಣಾಂಕದಲ್ಲಿ, ದಶಮಾಂಶ ಕೊಟ್ಟರೆ ದಶಮಾಂಶದಲ್ಲಿ, ಅದೇ ಕೋಡು ನಡೆಯಬೇಕು. ಒಳಗೆ ಬಂದ ಸಂಖ್ಯೆ ಯಾವ ಬಗೆಯದೆಂದು ಲೈಬ್ರರಿ ಪ್ರಶ್ನಿಸಬಾರದು ಎಂಬುದು ನನ್ನ ಹಠ.

ಅದರ ಮೇಲೆ ಭೀಮೆಯ ನೀರು ಎಷ್ಟು ಏರೀತೆಂದು ಹೇಳುವ ಪ್ರೋಗ್ರಾಂ ಮಾಡಿದೆ. ಅಫಜಲಪುರದ ಕಡೆಯ ಹಳೆಯ ಅಳತೆಗಳು ಮೀಟರಿನಲ್ಲಿ, ದಶಮಾಂಶದೊಂದಿಗೆ ಇದ್ದವು, ಉತ್ತರ ಸರಿಬಂತು. ಕೆಳಗೆ, ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನದಿಯನ್ನು ಘಾಟಿನ ಮೆಟ್ಟಿಲುಗಳಿಂದ ಎಣಿಸುತ್ತಾರೆ. ದಂಡೆಯ ಮುದುಕ ಅಂಬಿಗ ಎಣಿಸಿ ನನಗೆ ಫೋನಿನಲ್ಲಿ ಹೇಳುತ್ತಿದ್ದ.

“ಏಳ್ ಮೆಟ್ಟಲ ಮುಳಗ್ಯಾವ್ರಿ.”

“ಪೂರಾ ಏಳೇನ್ರಿ? ಏಳೂವರಿ ಇಲ್ಲಲ್ಲ?”

“ಅರ್ಧ ಮೆಟ್ಟಲ ಯಾಂವ ಏರ್ತಾನ್ರಿ ಸಾಹೇಬ್ರ? ನೀವು ಏರ್ತೀರೇನು?”

ನಾನೂ ನಕ್ಕು ಏಳು ಎಂದೇ ಬರೆದುಕೊಂಡೆ.

ಆ ಮಳೆಗಾಲ ಮೇಲಿನ ಸೊನ್ನದ ಬ್ಯಾರೇಜಿನಿಂದ ನೀರು ಬಿಟ್ಟ ದಿನ ಅವನ ಎಣಿಕೆಗಳನ್ನೆಲ್ಲ ಹಾಕಿ ಲೆಕ್ಕ ಓಡಿಸಿದೆ. ಒಂಬತ್ತು ಬಂತು. ಅವನ ಕೊಟ್ಟಿಗೆ ಹನ್ನೊಂದನೆಯ ಮೆಟ್ಟಿಲಿನ ಮಟ್ಟದಲ್ಲಿತ್ತು.

“ಎರಡೂ ಎಮ್ಮಿ ಬಿಚ್ಚಲೇನ್ರಿ? ಒಂದು ಗಬ್ಬ ಅದ, ಕೆಸರಾಗ ನಡಸೂದು ಕಷ್ಟ.”

“ಬ್ಯಾಡ್ರಿ. ಒಂಬತ್ತಕ್ಕ ನಿಲ್ತದ,” ಎಂದೆ.

ಯಾವುದಕ್ಕೂ ಇರಲೆಂದು ಅವನು ಹೆಂಡತಿಯೊಂದಿಗೆ ಆ ರಾತ್ರಿ ಮೇಲಿನ ಓಣಿಗೆ ಹೋದ. ನೀರು ಹದಿನೆಂಟು ದಾಟಿತು. ಎರಡೂ ಎಮ್ಮೆಗಳು ಕಟ್ಟಿದಲ್ಲೇ ಸತ್ತವು.

ಅವನ ಎಣಿಕೆಗಳು ಪೂರ್ಣಾಂಕಗಳಾದ್ದರಿಂದ ಇಡೀ ಮ್ಯಾಟ್ರಿಕ್ಸ್ ಪೂರ್ಣಾಂಕದ್ದಾಗಿತ್ತು. ಅಲ್ಲಿ ಏಳನ್ನು ಎರಡರಿಂದ ಭಾಗಿಸಿದರೆ ಮೂರು. ಉಳಿದ ಅರ್ಧವನ್ನು ಯಂತ್ರ ಬಿಟ್ಟುಬಿಡುತ್ತದೆ. ಪ್ರತಿ ಭಾಗಾಕಾರದಲ್ಲೂ ಹಾಗೆ ಸ್ವಲ್ಪ ಸ್ವಲ್ಪ ನೀರು ಲೆಕ್ಕದಿಂದ ಹೊರಗೆ ಹೋಗಿತ್ತು. ಎಚ್ಚರಿಕೆ ಯಾವುದೂ ಬರಲಿಲ್ಲ. ಪ್ರಶ್ನಿಸಬೇಡ ಎಂದು ಬರೆದವನು ನಾನೇ.

ತಿದ್ದಲು ಒಂದೇ ಸಾಲು ಸಾಕಾಯಿತು. ನೀರಿಳಿದ ಮರುದಿನ ಅವನ ಊರಿಗೆ ಹೋದೆ. ಅವನು ಕೊಟ್ಟಿಗೆಯ ಕೆಸರು ಎತ್ತುತ್ತಿದ್ದ.

“ನಾ ತಪ್ಪ ಎಣಿಸಿದ್ನೇನ್ರಿ?” ಎಂದ.

“ಇಲ್ರಿ. ನೀವು ಸರಿ ಎಣಿಸೀರಿ. ತಪ್ಪು ನಂದು.”

“ಅವ್ರು ದೊಡ್ಡಮಂದಿ, ಮರ್ಯಾದಿಗೆ ಹಂಗ ಅಂತಾರ,” ಎಂದಳು ಒಳಗಿನಿಂದ ಹೆಂಡತಿ. “ನಿನ್ನ ಕಣ್ಣ ಮಂಜಾಗ್ಯಾವ, ಮುದ್ಯಾ.”

ನಾನು ಮೂರು ಸಲ ಬಿಡಿಸಿ ಹೇಳಿದೆ. ಅವನು ಮೂರು ಸಲವೂ ತಲೆಯಾಡಿಸಿದ, ನಂಬಲಿಲ್ಲ. ಈಗ ನೀರು ಎಷ್ಟಿದೆಯೆಂದು ಊರವರು ಕೇಳಿದರೆ, ಬೇರೆ ಯಾರನ್ನಾದರೂ ಕೇಳಿರೆಂದು ಹೇಳುತ್ತಾನಂತೆ.