ಕಳೆಯದೆ ಬಿಟ್ಟ ಆರು ಕಿಲೋ

ಮೊನ್ನೆ ಸೋನೆ ಹಿಡಿದಾಗ ಮನೆಯಾಕೆ ನೆನೆದ ಕಂಬಳಿಯನ್ನು ನಡುಮನೆಯಲ್ಲಿ ಒಣಹಾಕಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರಿಲ್ ಮೇಷ್ಟ್ರು ನೆನಪಾದರು. ಪಾಪ, ಅವರೆಂದೂ ಕಂಬಳಿ ಹೊದ್ದವರಲ್ಲ. ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ...

ಎಪ್ಪತ್ತರ ದಶಕದ ಹಿರಿಯೂರು. ಮಿಲಿಟರಿಯಲ್ಲಿದ್ದಾಗ ಮೇಷ್ಟ್ರು ದೋಣಿ ಪಂದ್ಯದಲ್ಲಿ ಹುಟ್ಟು ಹಾಕಿದ್ದರಂತೆ. ನಮಗೂ ಕಲಿಸುವ ಹುಚ್ಚು. ದೋಣಿ ಎಲ್ಲಿಂದ ತರಬೇಕು? ಶಾಲೆಯ ಷೆಡ್ಡಿನ ತೊಲೆಗೆ ಬಾವಿಯ ರಾಟೆ ಕಟ್ಟಿ, ಹಗ್ಗದ ತುದಿಗೆ ಮರಳಿನ ಚೀಲ ತೂಗುಬಿಟ್ಟರು. ನೆಲದ ಮೇಲೆ ಕುಳಿತು, ಹಲಗೆಗೆ ಕಾಲೊತ್ತಿ, ನೂರು ಸಲ ಎಳೆಯಬೇಕು. ಅವರು ಗಡಿಯಾರ ಹಿಡಿದು ನಿಲ್ಲುತ್ತಿದ್ದರು. ದಪ್ಪ ಮೈಯವರೇ ಯಾವಾಗಲೂ ಬೇಗ ಮುಗಿಸುವುದು ಅವರಿಗೆ ಸರಿಬರಲಿಲ್ಲ. "ದೇವ್ರು ಕೊಟ್ಟ ಮೈಗೆ ನಾನ್ಯಾಕೆ ಬಹುಮಾನ ಕೊಡ್ಲಿ?" ಎಂದು ಒಂದು ಲೆಕ್ಕ ಮಾಡಿದರು. ಒಬ್ಬ ಎದುರಾಳಿಗಿಂತ ಎಷ್ಟು ಕಿಲೋ ಹಗುರವೋ, ಆ ಹಗುರದವನ ಸಮಯದಲ್ಲಿ ಅಷ್ಟು ಸೆಕೆಂಡು ಮಾಫಿ.

ನಾವು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ, ವ್ಯಾಯಾಮ ಶಿಕ್ಷಕರ ತರಬೇತಿಗೆ ಅವರು ಒಬ್ಬನ ಹೆಸರು ಕಳಿಸಬೇಕಿತ್ತು. ಕೊನೆಗೆ ಉಳಿದವರು ನಾನು ಮತ್ತು ಜವನಗೊಂಡನಹಳ್ಳಿ ಕಡೆಯ, ಕುರಿ ಕಾಯುವ ಮನೆಯ ಗೆಳೆಯ. ಆ ಜಾಗ ಸಿಗದಿದ್ದರೆ ಅವನು ಕುರಿ ಹಿಂದೆ ಹೋಗಬೇಕು, ನಾನು ಮಾವನ ಹೋಟೆಲಿನಲ್ಲಿ ಲೋಟ ತೊಳೆಯಬೇಕು. ನಾನು ಅವನಿಗಿಂತ ಹದಿನಾಲ್ಕು ಸೆಕೆಂಡು ಮೊದಲು ಮುಗಿಸಿದೆ. ಇನ್ನು ತೂಕ. ಎದುರಿನ ಉಣ್ಣೆ ಮಂಡಿಯಲ್ಲಿ ತೂಗಿ, ಚೀಟಿಯಲ್ಲಿ ಬರೆದು ತರಲು ಮೇಷ್ಟ್ರು ಪೆನ್ಸಿಲನ್ನು ನನ್ನ ಕೈಗೇ ಕೊಟ್ಟರು.

ಹೊರಗೆ ಜಡಿಮಳೆ. ಬೆಳಗಿನಿಂದ ನೆನೆದಿದ್ದ ಕಂಬಳಿಯನ್ನು ಗೆಳೆಯ ಮತ್ತೆ ಹೊದ್ದುಕೊಂಡಿದ್ದ. "ಚಳಿ ಕಣಪ್ಪ, ಕಂಬ್ಳಿ ತೆಗಿಯಲ್ಲ. ಒದ್ದೆ ಉಣ್ಣೆಗೆ ನೀರು ಕಳೀತಾರಲ್ಲ, ಹಂಗೆ ಆರು ಕಿಲೋ ಕಳ್ದು ಬರ್ಕ" ಎಂದ. ಮಂಡಿಯಲ್ಲಿ ಅದು ದಿನದ ಪದ್ಧತಿ. ತೂಗಿಸಿಕೊಂಡವನೇ ಬಸ್ಸಿಗೆ ಹೊತ್ತಾಯಿತೆಂದು ಓಡಿದ. ಅವನಿಗೆ ಐವತ್ತೆಂಟು ಬಂದಿತ್ತು, ನನಗೆ ಅರವತ್ತೆಂಟು. ಆರು ಕಳೆದರೆ ಅವನಿಗೆ ಹದಿನಾರು ಸೆಕೆಂಡು ಮಾಫಿ, ಗೆಲುವು ಅವನದು. ಕಳೆಯದಿದ್ದರೆ ಹತ್ತೇ... ನಾನು ಕಳೆಯಲಿಲ್ಲ.

ಮೇಷ್ಟ್ರು ಚೀಟಿ ನೋಡಿ, "ಕಡ್ಡಿ ಇದ್ದಂಗವ್ನೆ, ಐವತ್ತೆಂಟಾ?" ಎಂದರು. ನಾನು ಪೆನ್ಸಿಲನ್ನು ಅವರ ಕೈಗಿಟ್ಟೆ. ಆಮೇಲೆ ತಾವೇ, "ನೀನೇ ಬರ್ದೀಯಲ್ಲ, ಸರಿ ಬಿಡು" ಎಂದರು.

ಆ ಚೀಟಿಯ ದೆಸೆಯಿಂದ ಮೂವತ್ತು ವರ್ಷ ಸೀಟಿ ಊದಿ, ಈಗ ಪಿಂಚಣಿ ತಿನ್ನುತ್ತಿದ್ದೇನೆ, ನಾಚಿಕೆಗೆಟ್ಟವನು. ಮೇಷ್ಟ್ರು ನಿವೃತ್ತರಾಗಿ ಹೊಳಲ್ಕೆರೆಗೆ ಹೋದ ಮೇಲೂ ಆಗಾಗ ನೋಡಿಬರುತ್ತಿದ್ದೆ. ಪ್ರತಿಸಲವೂ ಆ ಗೆಳೆಯನದೇ ಮಾತು: "ಅವ್ನಿಗೆ ನನ್ ಮ್ಯಾಲೆ ಏನ್ ಸಿಟ್ಟೋ, ದಾರೀಲಿ ಸಿಕ್ರೂ ಮಖ ತಿರುಗಿಸ್ಕೊಂಡು ಹೋದ. ನಾನೇನ್ ಮಾಡಿದ್ನಪ್ಪ?" ನಾನು ಮಾತು ಮರೆಸಿ ಎದ್ದು ಬರುತ್ತಿದ್ದೆ... ಹೋದ ವರ್ಷ ಅವರು ತೀರಿಕೊಂಡರು.

ಮೊನ್ನೆಯಿಂದ ನಿದ್ದೆ ಹತ್ತಿರಲಿಲ್ಲ. ಗೆಳೆಯನಿಗಾದರೂ ನಿಜ ಹೇಳಿಬಿಡೋಣವೆಂದು ನಿನ್ನೆ ಸಂತೆಗೆ ಹೋದೆ. ಮರಿ ಮಾರುತ್ತಾ ನಿಂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಶುರು ಮಾಡಿದ.

"ಮೇಷ್ಟ್ರು ಹೋದ್ರಂತೆ. ನೀನು ಆರು ಕಿಲೋ ಕಳ್ದು ಬರ್ಕೊಟ್ರೂ ಅವ್ರು ಒಪ್ಲಿಲ್ಲ ನೋಡು. ಅದಕ್ಕೇ ಅವ್ರು ಸಾಯೋಗಂಟ ನಾನು ಮಾತಾಡ್ಸಲಿಲ್ಲ. ನಿನ್ ತಪ್ಪೇನೈತೆ? ಬಾ, ಟೀ ಕುಡಿಯಾಣ."

ಸತ್ತ ಮೇಷ್ಟ್ರ ಮೇಲೆ ಆ ತಪ್ಪನ್ನು ಹಾಗೇ ಬಿಟ್ಟು, ನಾನು ಅವನ ಹಿಂದೆ ಹೋದೆ.