ಎಡಗಾಲಿಯ ಸಪ್ಪಳ

ನಮ್ಮ ಮನೆಯಲ್ಲಿ ಗಾಡಿಯ ಸಪ್ಪಳವನ್ನು ಬಾಯಿಂದ ಮಾಡಿ ತೋರಿಸಬೇಕು. ‘ಏನೋ ಒಂಥರಾ ಬರುತ್ತದೆ’ ಎಂದರೆ ಅಪ್ಪ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಆಳಂದ, ಅಫಜಲಪುರ, ಜೇವರ್ಗಿ ರಸ್ತೆಗಳಲ್ಲೇ ಅವನ ನೌಕರಿಯೆಲ್ಲ ಕಳೆಯಿತು. ಡಿಪೋದೊಳಗೆ ಬಸ್ಸು ತಿರುಗುವುದರೊಳಗೆ, ಅದಕ್ಕೆ ಏನಾಗಿದೆ ಎಂದು ಅಂಗಳದಲ್ಲಿ ಕೂತೇ ಹೇಳುತ್ತಿದ್ದನಂತೆ. ನಾನು ಚಿಕ್ಕವಳಿದ್ದಾಗ ಊಟದ ನಡುವೆ ಪರೀಕ್ಷೆ ನಡೆಯುತ್ತಿತ್ತು. ಅವನು ‘ಗುಂಯ್’ ಎಂದರೆ ನಾನು ಬೇರಿಂಗ್ ಎನ್ನಬೇಕು, ‘ಕರ್ರ್’ ಎಂದರೆ ಗೇರಿನ ಹಲ್ಲು, ‘ಟಕ್ ಟಕ್’ ಎಂದರೆ ಜಾಯಿಂಟು. ಮಗ್ಗಿಗಿಂತ ಮೊದಲು ನನಗೆ ಇದು ಬಾಯಿಪಾಠವಾಗಿತ್ತು.

ಎಲ್ಲಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನೂ ಅವನು ಕಲಿಸಿದ್ದ. “ಸಪ್ಪಳ ಎಂಜಿನ್ ಜೋಡಿ ಓಡ್ತದೋ, ಗಾಲಿ ಜೋಡಿ ಓಡ್ತದೋ, ಅದನ್ನ ಮೊದಲ ನೋಡು. ಆಮ್ಯಾಲ ನಟ್ ಬಿಚ್ಚಾಕ ಪಾನಾ ಹಿಡಿ.”

ಈಗ ನಾನು ಆಳಂದದಲ್ಲಿ ಪಶುವೈದ್ಯೆ. ಅಪ್ಪ ನನ್ನ ಜೊತೆಗೇ ಇದ್ದಾನೆ. ನನ್ನದೊಂದು ಹಳೆಯ ಸಣ್ಣ ಕಾರು, ಕೈಯಿಂದಲೇ ಗೇರು ಹಾಕುವಂಥದ್ದು. ವಾರವೆಲ್ಲ ನಾನು ಅದರಲ್ಲಿ ಹಳ್ಳಿ ತಿರುಗುತ್ತೇನೆ. ಭಾನುವಾರ ಮಾತ್ರ ಕೀಲಿ ಅಪ್ಪನದು. ಜೇವರ್ಗಿ ಕಡೆಯ ಕೊಳಕೂರ ಅವನ ಹುಟ್ಟಿದೂರು, ಕಾಕಾ ಅಲ್ಲಿ ಹೊಲ ನೋಡಿಕೊಂಡಿದ್ದಾನೆ. ಎಂಟು ವರ್ಷದ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಪ್ಪ ಬೆಳಿಗ್ಗೆ ಹೊರಟರೆ ಸಂಜೆಗೇ ವಾಪಸು.

ಹೋದ ವರ್ಷ ಉದ್ದಿನ ರಾಶಿ ಮುಗಿದ ಹೊತ್ತಿಗೆ ಕಾರು ಸಪ್ಪಳ ಮಾಡತೊಡಗಿತು. ನೇರ ಹೋಗುವಾಗ ಏನೂ ಇಲ್ಲ. ಬಸ್ ಸ್ಟ್ಯಾಂಡಿನ ಮುಂದೆ ಸ್ಟಿಯರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದರೆ ಕೆಳಗಿಂದ ಟಕ್ ಟಕ್ ಟಕ್. ಮನೆಗೆ ಬಂದು ಅಪ್ಪನ ಮುಂದೆ ಮಾಡಿ ತೋರಿಸಿದೆ. ಅವನು ಕಾರು ತೆಗೆದುಕೊಂಡು ಒಂದು ಸುತ್ತು ಹೋಗಿ ಬಂದ.

“ಏನೂ ಇಲ್ಲ ಬೇ. ಸಪ್ಪಳ ನಿನ್ನ ತಲ್ಯಾಗ ಅದ,” ಎಂದ.

ಎರಡನೇ ಸಲವೂ ಇದೇ ಮಾತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದೂ ಅಪ್ಪನಿಂದಲೇ ಬಂದದ್ದು. ಮೂರನೇ ಸಲ ಅವನು ತಲೆ ಅಲ್ಲಾಡಿಸಿದಾಗ, “ನಿನಗ ಹೇಳೋದು ಕಿವುಡನ ಮುಂದ ಕಿನ್ನರಿ ಬಾರಿಸಿದಂಗ ಆತು,” ಎಂದುಬಿಟ್ಟೆ. ಅಪ್ಪ ಅರ್ಧ ಉಂಡ ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟ. ನಾನು ಗೆದ್ದೆ ಅಂದುಕೊಂಡೆ.

ಮರುದಿನ ಮಿಸ್ತ್ರಿಯ ಹತ್ತಿರ ಹೋದೆ. ಅವನಿಗೆ ಎರಡು ಲಾರಿಗಳ ಅವಸರ. ನಿಂತ ಗಾಡಿಯಲ್ಲೇ ಕ್ಲಚ್ಚನ್ನು ಎರಡು ಸಲ ಒತ್ತಿ, “ಕ್ಲಚ್ ಬೇರಿಂಗ್ ಹೋಗ್ಯಾದ್ರಿ ಡಾಕ್ಟ್ರೇ. ಗೇರ್‌ಬಾಕ್ಸ್ ಕೆಳಗ ಇಳಸಬೇಕಾಗ್ತದ,” ಎಂದ. ನನಗೆ ಒಪ್ಪಿಗೆಯಾಗಲಿಲ್ಲ. ಕ್ಲಚ್ ಒತ್ತಿದಾಗ ಶುರುವಾಗುವ ಸಪ್ಪಳ ಕ್ಲಚ್ ಬೇರಿಂಗಿನದು, ಒತ್ತಿದಾಗ ನಿಲ್ಲುವುದು ಗೇರ್‌ಬಾಕ್ಸಿನೊಳಗಿನದು ಎಂದು ಊಟಕ್ಕೆ ಕೂತು ಕಲಿತವಳು ನಾನು. ಇದು ಎರಡೂ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರನ್ನು ನನ್ನ ಕೆಲಸದಲ್ಲೂ ಬೇಕಾದಷ್ಟು ನೋಡಿದ್ದೇನೆ. ವಿಚಾರ ಮಾಡಿ ಹೇಳ್ತೇನಿ ಎಂದು ಕಾರು ವಾಪಸು ತಂದೆ.

ಆ ಭಾನುವಾರ ಬೆಳಿಗ್ಗೆ ಅಪ್ಪ ಕೊಳಕೂರಿಗೆ ಹೊರಡುವ ಮುನ್ನ ನಾನೇ ಬಾನೆಟ್ ಎತ್ತಿದೆ. ಎಂಜಿನ್ ಚಾಲೂ ಇಟ್ಟು, ದನಗಳ ಹೊಟ್ಟೆ ನೋಡುವ ಸ್ಟೆತಸ್ಕೋಪನ್ನು ಗೇರ್‌ಬಾಕ್ಸಿನ ಮೈಗೆ ಹಚ್ಚಿದೆ. ಒಳಗೆ ಹಲ್ಲುಗಳು ಒಂದೇ ಸಮನೆ ತಿರುಗುತ್ತಿದ್ದವು. ಮಗಳು ಡ್ರೈವರ್ ಸೀಟಿನ ತುದಿಗೆ ಕೂತು, ನಾನು ಹೇಳಿದ ಹಾಗೆ ಕ್ಲಚ್ ಒತ್ತಿ ಬಿಟ್ಟಳು. ದನಿ ಸ್ವಲ್ಪ ಇಳಿದು ಏರಿತೇ ಹೊರತು ಟಕ್ ಅನ್ನುವುದಾಗಲಿ, ಕರಕರ ಅನ್ನುವುದಾಗಲಿ ಇರಲಿಲ್ಲ.

“ಅಪ್ಪಾ, ನೀನೂ ಒಮ್ಮಿ ಕೇಳು,” ಎಂದು ಸ್ಟೆತಸ್ಕೋಪನ್ನು ಅವನಿಗೆ ಕೊಟ್ಟೆ.

ಅವನು ಕಿವಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಿಲ್ಲೆಯನ್ನು ಅಲ್ಲಿ ಇಲ್ಲಿ ಇಟ್ಟು ಕೇಳಿದ. ಎರಡು ಸಲ ತಲೆದೂಗಿದ. “ಗೇರ್‌ಬಾಕ್ಸ್ ಚಲೋ ಅದ. ಹಲ್ಲು ಚಲೋ ಕೂಡಾಕತ್ತಾವ,” ಎಂದು ತೀರ್ಪು ಕೊಟ್ಟ.

ಬಿಲ್ಲೆಯನ್ನು ಅವನು ಹಿಡಿದಲ್ಲೇ ಬಿಟ್ಟು, ಕಿವಿಯ ತುದಿಗಳನ್ನು ಮಾತ್ರ ತೆಗೆದುಕೊಂಡು ನಾನು ಮತ್ತೊಮ್ಮೆ ಕೇಳಿದೆ. ಏನೂ ಕೇಳಲಿಲ್ಲ. ಆ ಬಿಲ್ಲೆಗೆ ಎರಡು ಮುಖ. ತಿರುಗಿಸಿದರೆ ಒಂದು ಮುಖ ತೆರೆದು ಇನ್ನೊಂದು ಮುಚ್ಚಿಕೊಳ್ಳುತ್ತದೆ. ನಾನು ಅವನಿಗೆ ಕೊಡುವಾಗಲೇ ಅದು ತಿರುಗಿಬಿಟ್ಟಿತ್ತು. ಬೆರಳಿನಿಂದ ಬಡಿದು ನೋಡಿದೆ, ಮುಚ್ಚಿಯೇ ಇತ್ತು. ಹಾಗಾದರೆ ಅಪ್ಪ ಕೇಳಿದ್ದೇನು?

ಟಿವಿಯ ದನಿ ಏರುತ್ತ ಹೋದದ್ದು, ಫೋನ್ ಬಂದರೆ ‘ನೀನಽ ಮಾತಾಡು’ ಎಂದು ನನ್ನ ಕೈಗೆ ಕೊಡುತ್ತಿದ್ದದ್ದು ಒಂದೊಂದಾಗಿ ನೆನಪಾಯಿತು. ನಾನು ಕಿವುಡ ಎಂದದ್ದೂ ನೆನಪಾಯಿತು. ನಾನು ಎಂಜಿನ್ ಬಂದ್ ಮಾಡಿ ಕೀಲಿ ತೆಗೆಯುವಷ್ಟರಲ್ಲಿ ಅಪ್ಪ ಬಾನೆಟ್ ಮುಚ್ಚಿ ಅದಕ್ಕೆ ಕೈಚಾಚಿದ್ದ. ಮಗಳು ಆಗಲೇ ಪಕ್ಕದ ಸೀಟಿಗೆ ಜರುಗಿ ಬೆಲ್ಟ್ ಹಾಕಿಕೊಂಡಿದ್ದಳು. ಕಲಬುರಗಿ ದಾಟಿ ಜೇವರ್ಗಿಗೆ ಹೋಗುವ ರಸ್ತೆಯ ತುಂಬ ಲಾರಿಗಳು. ಹಿಂದಿನಿಂದ ಬಂದು ಹಾರ್ನ್ ಹೊಡೆದರೆ ಅಪ್ಪನಿಗೆ ಕೇಳುವುದಿಲ್ಲ. ಇಷ್ಟು ಭಾನುವಾರ ಕೇಳದೆಯೇ ಹೋಗಿ ಬಂದಿದ್ದರು. ಕೀಲಿ ಕೊಡುವಂತಿರಲಿಲ್ಲ. ಆದರೆ ಕಿವಿಯಿಂದಲೇ ಹೆಸರು ಮಾಡಿದ ಮನುಷ್ಯನಿಗೆ ಅದನ್ನು ಯಾವ ಬಾಯಿಂದ ಹೇಳುವುದು? ನನಗೆ ಧೈರ್ಯ ಬರಲಿಲ್ಲ, ಉಪಾಯ ಮಾಡಿದೆ.

“ಅಪ್ಪಾ, ಇವತ್ತು ನಾ ಓಡಿಸ್ತೇನಿ. ನೀ ಎಡಕ್ಕ ಕೂಡು. ಸಪ್ಪಳ ಎಲ್ಲಿ ಬರ್ತದ, ತೋರಸ್ತೇನಿ.”

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮಗಳನ್ನು ಹಿಂದಿನ ಸೀಟಿಗೆ ಕಳಿಸಿ, ಚಪ್ಪಲಿ ಬಿಟ್ಟು ಎಡಕ್ಕೆ ಕೂತ. ಅಪ್ಪ ಯಾವತ್ತೂ ಗಾಡಿಯೊಳಗೆ ಚಪ್ಪಲಿ ಕಾಲಲ್ಲಿ ಕೂತವನಲ್ಲ. ಬಸ್ಸಿನಲ್ಲೂ ಅಷ್ಟೇ, ಅನ್ನ ಕೊಡುವ ಗಾಡಿ ಎಂದು ನಮಸ್ಕಾರ ಮಾಡಿ ಬರಿಗಾಲಲ್ಲಿ ಹತ್ತುತ್ತಿದ್ದ.

ಸರಸಂಬಾ ರಸ್ತೆಯ ಬದಿಯ ಖಾಲಿ ಬಯಲಿಗೆ ಕಾರು ಇಳಿಸಿದೆ. ಮೊದಲು ನೇರ ಓಡಿಸಿದೆ, ಆಮೇಲೆ ಗೇರು ತೆಗೆದು ಹಾಗೇ ಹರಿಯಬಿಟ್ಟೆ. ಸಪ್ಪಳವಿಲ್ಲ. ಒಂದನೇ ಗೇರಿನಲ್ಲಿ ಸ್ಟಿಯರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಮೆಲ್ಲಗೆ ಸುತ್ತು ಹಾಕಿದೆ. ಟಕ್ ಟಕ್ ಟಕ್ ಶುರುವಾಯಿತು. ಬಂತು ನೋಡು ಎಂದು ನಾನು ಹೇಳಲಿಲ್ಲ. ಹೆತ್ತ ಅಪ್ಪನನ್ನು ಪರೀಕ್ಷೆ ಮಾಡುತ್ತಿದ್ದೆ, ನಾಚಿಕೆಯೂ ಆಗುತ್ತಿತ್ತು. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಅರ್ಧ ಸುತ್ತು ಆಗುವುದರೊಳಗೆ ಅವನ ಕಾಲ್ಬೆರಳುಗಳು ಮಡಚಿಕೊಂಡವು.

“ತಡಿ. ಸ್ವಲ್ಪ ಜೋರ್ ಮಾಡು.” ವೇಗ ಕೊಟ್ಟೆ, ಸಪ್ಪಳವೂ ಚುರುಕಾಯಿತು. “ಗಾಲಿ ಜೋಡಿ ಓಡಾಕತ್ತದ. ಈಗ ಎಡಕ್ಕ ತಿರುಗು.” ಎಡಕ್ಕೆ ತಿರುಗಿದೆ, ಸಪ್ಪಳ ನಿಂತಿತು. ಬೆರಳುಗಳು ಸಡಿಲಾದವು.

“ಎಡಗಾಲೀದು. ಹೊರಗಿನ ಜಾಯಿಂಟು,” ಎಂದ.

“ಕೇಳ್ತದೇನಪ್ಪಾ ನಿನಗ?”

“ಕಾಲಿಗೆ ಕೇಳ್ತದ,” ಎಂದು ಬಾಗಿಲು ತೆಗೆದು ಇಳಿದ.

ನೆಲಕ್ಕೆ ಮಲಗಿ ಗಾಲಿಯ ಹಿಂದೆ ಕೈಹಾಕಿದ. ಜಾಯಿಂಟಿನ ಮೇಲಿನ ರಬ್ಬರಿನ ಚೀಲ ಹರಿದು ಗ್ರೀಸೆಲ್ಲ ಹೊರಗೆ ಬಂದಿತ್ತು. ಅದರ ಪಕ್ಕ, ಗಾಲಿಯನ್ನು ತಿರುಗಿಸುವ ಸರಳಿನ ಸುತ್ತ ಒಣಗಿದ ಬಳ್ಳಿ ಹುರಿಯಾಗಿ ಬಿಗಿದುಕೊಂಡಿತ್ತು. ಒಂದು ಎಳೆ ಎಳೆದು ತಂದು ಅಂಗೈಯಲ್ಲಿಟ್ಟು ನೋಡಿದ. ಉದ್ದಿನ ಬಳ್ಳಿ.

“ನಾನಽ ಮಾಡಿದ್ದು,” ಎಂದ.

ನಮ್ಮ ಕಡೆ ಕಣ ಇಲ್ಲದವರು ರಸ್ತೆಯ ಮೇಲೆಯೇ ಬೆಳೆ ಹರವುತ್ತಾರೆ, ಹೋಗಿಬರುವ ಗಾಡಿಗಳು ತುಳಿದು ಕಾಳು ಬಿಡಿಸುತ್ತವೆ. ಅಪ್ಪ ಬಸ್ಸನ್ನು ಬೇಕೆಂದೇ ಅದರ ಮೇಲೆ ಹಾಯಿಸುತ್ತಿದ್ದ, ಅದು ಪುಣ್ಯದ ಕೆಲಸ ಎನ್ನುತ್ತಿದ್ದ. ಆ ರೂಢಿಯಲ್ಲೇ ಕೊಳಕೂರಿನಲ್ಲಿ ಕಾಕಾನ ಉದ್ದಿನ ಮೇಲೆ ನನ್ನ ಕಾರನ್ನು ಹಿಂದಕ್ಕೂ ಮುಂದಕ್ಕೂ ಐದಾರು ಸಲ ಓಡಿಸಿಕೊಟ್ಟಿದ್ದ. ಬಸ್ಸು ಎತ್ತರ, ಕಾರು ನೆಲಕ್ಕೆ ಹತ್ತಿರ. ಬಳ್ಳಿ ಸುತ್ತಿಕೊಂಡು ರಬ್ಬರನ್ನು ಹರಿದಿತ್ತು.

“ಅವತ್ತಽ ಕೆಳಗ ಕರಕರ ಅಂದಿರಬೇಕು,” ಎಂದ. ಬಳ್ಳಿಯನ್ನು ಅಂಗೈಯಲ್ಲಿ ಹೊಸಕುತ್ತ, “ನನಗ ಕೇಳಲಿಲ್ಲ,” ಎಂದ. ರಿಟೈರ್ ಆದಮೇಲೆ ಮೊದಲು ಬಸ್ಸಿನ ಎಂಜಿನ್ ಕಡೆಗಿದ್ದ ಎಡಗಿವಿ ಹೋಯಿತಂತೆ, ಇನ್ನೊಂದೂ ಈಚೆಗೆ ಮಂದವಾಗಿದೆಯಂತೆ. ತಾನೇ ಓಡಿಸುವಾಗ ಕಾಲು ಪೆಡಲುಗಳ ಮೇಲಿದ್ದು, ಎಡಗಾಲಿಯ ಅದುರು ತಿಳಿದಿರಲಿಲ್ಲವಂತೆ.

ನನಗೆ ಅಳು ಬಂತು. “ಅವತ್ತು ನಾ ನಿನಗ ಕಿವುಡ ಅಂದೆ ಅಪ್ಪಾ,” ಎಂದೆ, ಜೋರಾಗಿ, ಅವನ ಮುಖಕ್ಕೆ ಮುಖವಿಟ್ಟು.

“ಖರೇನಽ ಅಂದಿ. ಆದ್ರ ನಿನ್ನ ಕಿನ್ನರೀನೂ ಅಷ್ಟೇನ್ ಚಲೋ ಇರಲಿಲ್ಲ,” ಎಂದು ಅಂಗಿಯ ಧೂಳು ಕೊಡವಿಕೊಂಡ.

ಮಾರನೆಯ ದಿನ ಮಿಸ್ತ್ರಿ ಜಾಯಿಂಟು ಬದಲಿಸಿದ. ಗೇರ್‌ಬಾಕ್ಸಿನ ಮಾತು ಅವನೂ ಎತ್ತಲಿಲ್ಲ, ನಾವೂ ಕೆಣಕಲಿಲ್ಲ. ಕೆಲಸ ಮುಗಿದ ಮೇಲೆ ಹಿರಿಯನೆಂದು ಕೀಲಿಯನ್ನು ಅಪ್ಪನ ಕೈಗೆ ಕೊಟ್ಟ. ಓಡಿಸಬೇಡ ಎಂದು ಬಾಯಿಬಿಟ್ಟು ಹೇಳಬೇಕಾದೀತೇನೋ ಎಂದು ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಅಪ್ಪ ಕೀಲಿಯನ್ನು ಒಂದು ಸಲ ಅಂಗೈಯಲ್ಲಿ ತಿರುಗಿಸಿದ. ಬಲಗಡೆಯ ಬಾಗಿಲು ತೆರೆದು ಅದನ್ನು ಸೀಟಿನ ಮೇಲೆ ಇಟ್ಟ. ಆಮೇಲೆ ಸುತ್ತಿಕೊಂಡು ಹೋಗಿ, ಚಪ್ಪಲಿ ಬಿಟ್ಟು ಎಡಕ್ಕೆ ಕೂತ.

ಬಸ್ ಸ್ಟ್ಯಾಂಡಿನ ಮುಂದೆ ನಾನು ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ. ಅಪ್ಪನ ಪಾದಗಳು ನೆಲಕ್ಕೆ ಅಂಟಿಕೊಂಡಿದ್ದವು.

“ಈಗ ಹೆಂಗದ?” ಎಂದು ಕೇಳಿದ.

“ಏನೂ ಸಪ್ಪಳ ಇಲ್ಲಪ್ಪಾ.”

“ನನಗೂ ಇಲ್ಲ,” ಎಂದ. “ಈಗ ನೋಡು, ಇಬ್ಬರಿಗೂ ಸಮ ಕೇಳಾಕತ್ತದ.”